ಹುಳಕ್ಕಾಗದ ಸೊಪ್ಪು

ನಮ್ಮ ಹಿಪ್ಪುನೇರಳೆ ತೋಟದ ಬದುವಿಗೆ ಅಂಟಿಕೊಂಡೇ ಒಂದು ಹಳೇ ಕಲ್ಲುಕ್ವಾರಿ ಇದೆ. ಕಲ್ಲು ಮುಗಿದ ಮೇಲೆ ಅಲ್ಲಿಗೆ ಲಾರಿಗಳು ಬಂದು ಡ್ರಮ್ಮುಗಟ್ಟಲೆ ಕರೀ ರಾಡಿ ಸುರಿದು ಹೋಗತೊಡಗಿದವು. ಯಾವ ಫ್ಯಾಕ್ಟರಿಯದೋ, ದೇವರಿಗೇ ಗೊತ್ತು. ಕೇಳೋಕೆ ಹೋದರೆ ಡ್ರೈವರು ಕಿವಿಗೆ ಫೋನು ಇಟ್ಟುಕೊಳ್ಳುತ್ತಿದ್ದ. ಮಳೆ ಬಂದರೆ ಆ ನೀರೆಲ್ಲ ನಮ್ಮ ಕೆಳಗಿನ ಸಾಲುಗಳಿಗೇ ಇಳಿಯುತ್ತಿತ್ತು.

ಹೋದ ಮಳೆಗಾಲದಲ್ಲಿ ಆ ಸಾಲಿನ ಸೊಪ್ಪು ತಿಂದ ರೇಷ್ಮೆಹುಳ ತಲೆ ಎತ್ತಿ ಹಸಿರು ಕಕ್ಕಿ ಸತ್ತವು. ಇನ್ನೇನು ಗೂಡು ಕಟ್ಟಬೇಕಾಗಿದ್ದ ಹುಳ! ಅವತ್ತಿನಿಂದ ಕಟ್ಟುನಿಟ್ಟು ಅಂದರೆ ಕಟ್ಟುನಿಟ್ಟು. ಹುಳುಮನೆ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪೌಡರು. ಕೈಕಾಲು ತೊಳೆಯದೆ ಯಾರೂ ಒಳಗೆ ಬರೋ ಹಂಗಿಲ್ಲ. "ಕ್ವಾರಿ ತಾವ ತುಳಿದ ಚಪ್ಪಲೀಲಿ ಬಂದ್ರೆ ನೋಡಿ ಮತ್ತೆ!" ಅಂತ ನಮ್ಮನೆಯವರನ್ನೇ ಗದರಿದೆ. "ನಿಂಗೆ ನನಗಿಂತ ಹುಳಾನೇ ಹೆಚ್ಚಾಗೋಯ್ತು ಕಣೇ" ಅಂತ ಅವರು ನಕ್ಕರು. ಕೆಳಗಿನ ಸಾಲಿನ ಒಂದೆಲೆಯನ್ನೂ ಹುಳಕ್ಕೆ ಹಾಕಲಿಲ್ಲ.

ಹಂಗಂತ ಅಷ್ಟು ಸೊಪ್ಪನ್ನ ದಂಡ ಮಾಡೋಕಾಯ್ತದಾ? ಹುಳ ಬಿಟ್ಟಿದ್ದು ಹಸುವಿಗೆ, ಅದು ನಮ್ಮ ಕಡೆ ಎಲ್ಲರ ಮನೆ ರೂಢಿ. ನಮ್ಮದು ಒಂದೇ ಹಸು. ದಿನಾ ಕೊಯ್ದು ಅದರ ಮುಂದೆ ಸುರಿದೆ. ಹಾಲನ್ನು ಡೈರಿಗೂ ಹಾಕದೆ ಹತ್ತನೇ ಕ್ಲಾಸಿನ ಮಗಳಿಗೆ ಅಂತ ಇಟ್ಟುಕೊಂಡೆ. "ಪ್ಯಾಕೆಟ್ ಹಾಲಲ್ಲಿ ಏನೇನ್ ಬೆರೆಸಿರ್ತಾರೋ, ನೀನು ಮನೇದೇ ಕುಡಿ" ಅಂತ ಲೋಟ ಹಿಡಿದು ಅವಳ ಹಿಂದೆ ಹಿಂದೆ ಹೋಗುತ್ತಿದ್ದೆ.

ಮೊನ್ನೆ ಹಸು ತಿಂಗಳು ತುಂಬೋ ಮುಂಚೆಯೇ ಕಂದು ಹಾಕಿತು. ದನದ ಡಾಕ್ಟರು ಬಂದು, "ಮೇವು ಏನಮ್ಮ ಹಾಕ್ತೀರಿ?" ಅಂದರು.

"ಸೊಪ್ಪು ಸಾರ್. ಹುಳಕ್ಕಾಗದೇ ಇದ್ದಿದ್ದು."

"ಹುಳಕ್ಕೆ ಯಾಕೆ ಆಗಲಿಲ್ಲ?"

ನನ್ನ ಬೆರಳು ಕ್ವಾರಿ ಕಡೆ ಹೋಯಿತು. ಅವರು ಅತ್ತ ನೋಡಿ, "ಹಾಲು ಯಾರು ಕುಡೀತಾರೆ?" ಅಂದರು.

ಮಗಳ ರಕ್ತ ಪರೀಕ್ಷೆಗೆ ಕೊಟ್ಟು ಬಂದಿದ್ದೇವೆ. ರಿಪೋರ್ಟು ಇನ್ನೂ ಬಂದಿಲ್ಲ. ರಕ್ತ ಒಸಿ ಕಮ್ಮಿ ಇರಬಹುದು, ಅದಕ್ಕೇ ಪರೀಕ್ಷೆ ಅಂತ ಅವಳಿಗೆ ಸುಳ್ಳು ಹೇಳಿದ್ದೇನೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ! ಹುಳಕ್ಕೋಸ್ಕರ ಗಂಡನ ಕಾಲು ತೊಳೆಸಿದವಳು, ಮಗಳ ಲೋಟದಲ್ಲಿ ಏನಿದೆ ಅಂತ ಒಂದು ದಿನವೂ ಯೋಚಿಸಲಿಲ್ಲವಲ್ಲ.

ಇವತ್ತು ಬೆಳಿಗ್ಗೆ ಪ್ಯಾಕೆಟ್ ಹಾಲು ಕಾಯಿಸಿ ಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಥೂ, ಬರೀ ನೀರು. ನಮ್ ಹಸೂದೇ ಕೊಡಮ್ಮ. ಪ್ಯಾಕೆಟ್ದು ಬ್ಯಾಡ ಅಂತ ನೀನೇ ಅಲ್ವಾ ಹೇಳಿದ್ದು?"