ಗಿರಣಿ ಹತ್ರ ಎಡಕ್ಕೆ

ಯಾವ ಆಡಳಿತಕ್ಕೂ ಸೇರದ ಊರಿಗೆ ದಾರಿ ತೋರುವ ಬೋರ್ಡು ಇರುವುದಿಲ್ಲ. ಇದು ನಿಮಗೆ ಗೊತ್ತಿರಬೇಕಿತ್ತು.

ಹೆದ್ದಾರಿಯಿಂದ ಎಡಕ್ಕೆ ಒಡೆಯುವ ಮಣ್ಣುರಸ್ತೆ, ಒಂದು ಹಳ್ಳ, ಅದರಾಚೆ ದಿಬ್ಬದ ಮೇಲೆ ಚೆಲ್ಲಿದ ಹಾಗೆ ಮನೆಗಳು. ಊರೆಂದರೆ ಇಷ್ಟೇ. ಹಳ್ಳದ ಈಚೆಯ ಕಚೇರಿ ಅದು ಆಚೆಯವರದು ಎನ್ನುತ್ತದೆ, ಆಚೆಯದು ಈಚೆಗೆ ಕೈ ತೋರಿಸುತ್ತದೆ. ಹಾಗಾಗಿ ಈ ಜನ ದಾರಿಯನ್ನು ಬಾಯಲ್ಲೇ ಇಟ್ಟುಕೊಂಡಿದ್ದಾರೆ. ಕವಲಿನಲ್ಲಿದ್ದ ಹಿಟ್ಟಿನ ಗಿರಣಿಯನ್ನು ಕೆಡವಿ ಎಷ್ಟೋ ವರ್ಷವಾಯಿತು, ಈಗಲ್ಲಿ ಬರೀ ಮುಳ್ಳುಪೊದೆ. ಗಿರಣಿಯನ್ನೇ ಕಾಣದ ಮಕ್ಕಳೂ "ಗಿರಣಿ ಹತ್ರ ಸಿಗೋಣ" ಅನ್ನುತ್ತವೆ.

ದಿಬ್ಬದ ಮೊದಲ ಮನೆ ಟೇಲರಕ್ಕನದು. ಒಂದು ಮಧ್ಯಾಹ್ನ ಅವಳು ರವಿಕೆಗೆ ಕೊಕ್ಕೆ ಹಾಕುತ್ತಿದ್ದಾಗ, ಹಿತ್ತಿಲ ಗೋಡೆಗೆ ಗಾರೆ ಮೆತ್ತುತ್ತಿದ್ದ ಗಂಡ ಎದೆ ಹಿಡಿದು ಕುಸಿದ. ಆಂಬುಲೆನ್ಸಿಗೆ ಫೋನ್ ಮಾಡಿದಳು.

"ಗಿರಣಿ ಹತ್ರ ಎಡಕ್ಕೆ ತಿರುಗಿ, ಅಣ್ಣ."

"ಗಿರಣಿ ಕಾಣ್ತಿಲ್ವಲ್ಲ ಅಕ್ಕ."

"ಕಾಣ್ದೆ ಎಲ್ಲಿ ಹೋಗುತ್ತೆ? ಇನ್ನೂ ಮುಂದೆ ಬನ್ನಿ."

ಡ್ರೈವರ್ ಮುಂದೆ ಹೋದ. ಪಕ್ಕದ ಪಟ್ಟಣದಲ್ಲಿ ನಿಜವಾದ ಗಿರಣಿಯೊಂದರ ಮುಂದೆ ಗಾಡಿ ನಿಲ್ಲಿಸಿ ಮತ್ತೆ ಫೋನ್ ಮಾಡಿದ. ನೆಲದ ಮೇಲೆ ಮಲಗಿದ್ದ ಗಂಡ ಕೇಳಿಸಿಕೊಂಡು ನಕ್ಕ. "ಅವನನ್ನ ಕರೆದಿದ್ದು ನಂಗೋಸ್ಕರಾನಾ, ಹಿಟ್ಟು ಬೀಸಿಸೋಕಾ?"

ಗಾಡಿ ಬಂದಾಗ ಗಂಡ ಬದುಕಿರಲಿಲ್ಲ.

ಟೇಲರಕ್ಕ ಕೆಂಪು ಬಟ್ಟೆಯ ಮೇಲೆ ಬಿಳಿ ಅಕ್ಷರ ಹೊಲಿದು, ಬಾಣದ ಗುರುತು ಹಾಕಿ, ಕವಲಿನ ಕಂಬಕ್ಕೆ ಕಟ್ಟಿದಳು. ಹೆದ್ದಾರಿಯವರು ಬಂದು ಕಿತ್ತರು.

"ಕಂಬ ನಮ್ದು ಕಣಮ್ಮ."

"ಹಾಗಾದ್ರೆ ಬೋರ್ಡೂ ನೀವೇ ಹಾಕಿ, ಸ್ವಾಮಿ."

"ಊರು ನಮ್ದಲ್ವಲ್ಲ."

ಕಂಬಕ್ಕೆ ಒಡೆಯರಿದ್ದಾರೆ. ಮನುಷ್ಯರಿಗಿಲ್ಲ. ಇದನ್ನು ಬರೆಯುವ ಮೊದಲು ಎರಡೂ ಕಚೇರಿಗೆ ನಾನೇ ಹೋಗಿ ಬಂದೆ. ಎರಡೂ ಕಡೆ ಕುರ್ಚಿ ಕೊಟ್ಟರು, ಉತ್ತರ ಕೊಡಲಿಲ್ಲ. ಬೋರ್ಡು ಬರುತ್ತದೆಂಬ ಆಸೆ ನನಗಿಲ್ಲ. ಅವಳಿಗಂತೂ ಮೊದಲೇ ಇಲ್ಲ. ಆದರೆ ಒಳಕೋಣೆಯಲ್ಲಿ ಅತ್ತೆಗೆ ಉಬ್ಬಸ. ಮಾತಾಡಿದರೆ ಸಿಳ್ಳೆ ಹಾಕಿದ ಹಾಗೆ ಕೇಳಿಸುತ್ತದೆ. ಅದಕ್ಕೇ ಅವಳು ಇನ್ನೊಂದು ಹೊಲಿಯುತ್ತಿದ್ದಾಳೆ.

"ಇದನ್ನೂ ಕೀಳ್ತಾರೆ ಬಿಡಿ," ಅಂದಳು, ದಾರ ಕಚ್ಚಿ ಹರಿಯುತ್ತಾ.

ಕೀಳುತ್ತಾರೆ. ಆ ಹೆದ್ದಾರಿಯಲ್ಲಿ ದಿನವೂ ಓಡಾಡುವವರು ನೀವು. ಮುಳ್ಳುಪೊದೆಯ ಪಕ್ಕದ ಕಂಬದ ಬುಡದಲ್ಲಿ ಕೆಂಪು ಬಟ್ಟೆ ಬಿದ್ದಿರುವುದು ಕಂಡರೆ ಗಾಡಿ ನಿಲ್ಲಿಸಿ. ಇಳಿದು, ಅದನ್ನು ಎತ್ತಿ ಕಟ್ಟಿ. ಬಾಣ ಎಡಕ್ಕಿರಲಿ.