ಅವನು ‘ಬುಡು’ ಅಂದದ್ದು ನಿಲ್ಲಿಸು ಅಂತ

ಸಿಂಚನಾ, ಹರ್ಷಾ, ನಿಮ್ಮ ಚಿಕ್ಕತಾತನ ತಲೆಯ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಕೂದಲು ಸವೆದು ಗೆರೆ ಬಿದ್ದಿತ್ತು. ಎತ್ತಿನ ಹೆಗಲ ಮೇಲೆ ನೊಗದ ಗುರುತು ಬೀಳುವುದಿಲ್ಲವೇ, ಹಾಗೆ. ವಿಮಾನದ ಸದ್ದು ತಡೆಯಲು ಕಿವಿಗೆ ಹಾಕಿಕೊಳ್ಳುತ್ತಿದ್ದ ಮುಚ್ಚಳದ ಪಟ್ಟಿ ಆರು ವರ್ಷ ಒತ್ತಿ ಒತ್ತಿ ಆದ ಗೆರೆ ಅದು. ನೀವು ಅದರ ಮೇಲೆ ಬೆರಳಾಡಿಸಿ, “ತಾತಾ, ಇದು ರನ್‌ವೇನಾ?” ಎಂದು ಕೇಳುತ್ತಿದ್ದಿರಿ. “ಊಂ ಕಣ್ರೋ, ಸೊಳ್ಳೆ ಇಳಿಯಾಕೆ” ಎನ್ನುತ್ತಿದ್ದ.

ಅವನು ನಿಮ್ಮ ತಾತನ ತಮ್ಮ, ನನ್ನ ಮೈದುನ. ಮದುವೆಯಾಗಲಿಲ್ಲ. ನಿಮ್ಮ ತಾತ ತೀರಿಕೊಂಡ ಮೇಲೆ ಬಾಬುರಾಯನಕೊಪ್ಪಲಿನ ಈ ಮನೆಯನ್ನು ನಡೆಸಿದವನು, ನಿಮ್ಮಪ್ಪನನ್ನು ಓದಿಸಿದವನು ಅವನೇ. ನನಗೆ ನಾಲ್ಕು ಜನರೆದುರು ಬಾಯಿ ಬರುವುದಿಲ್ಲ, ನಿಮಗೆ ಗೊತ್ತು. ರೇಷನ್ ಅಂಗಡಿಯಲ್ಲೂ ನನ್ನ ಬದಲು ಅವನೇ ಮಾತಾಡುತ್ತಿದ್ದ. “ಅತ್ಗೆ ಬಾಯ್ಬುಟ್ರೆ ಅಂಗಡಿಯೋನು ಎದ್ರುಕೊಂಡು ಎರಡು ಕೇಜಿ ಜಾಸ್ತಿ ಕೊಟ್ಬುಟ್ಟಾನು, ಸುಮ್ಕಿರಿ” ಎಂದು ಕೀಟಲೆ ಮಾಡುತ್ತಿದ್ದ.

ಮೊದಲು ಅವನು ಚಿನಕುರಳಿ ಹತ್ತಿರದ ಕಲ್ಲುಕ್ವಾರಿಯಲ್ಲಿದ್ದ. ಟ್ರಾಕ್ಟರು ಹಿಂದಕ್ಕೆ ಬರುವಾಗ ಪಕ್ಕದಲ್ಲಿ ನಿಂತು “ಬರ್ಲಿ, ಬರ್ಲಿ, ಬರ್ಲಿ” ಎನ್ನಬೇಕು. ಸಾಕು ಅನಿಸಿದ ಕೂಡಲೇ “ಬುಡು!” ಎನ್ನಬೇಕು. ನಮ್ಮ ಕಡೆ ಅದು ಯಾರಿಗೆ ಗೊತ್ತಿಲ್ಲ? ಬುಡು ಅಂದರೆ ಅಷ್ಟಕ್ಕೇ ಬಿಡು, ನಿಲ್ಲಿಸು. ಅವನು ಅಲ್ಲಿದ್ದಷ್ಟು ಕಾಲ ಒಂದು ಟ್ರಾಕ್ಟರೂ ಗುಂಡಿಗೆ ಬೀಳಲಿಲ್ಲ. ಆ ಹೆಸರು ಕೇಳಿ ಒಬ್ಬ ಗುತ್ತಿಗೆದಾರ ಅವನನ್ನು ದೂರದ ಒಂದು ಸಣ್ಣ ವಿಮಾನ ನಿಲ್ದಾಣದ ಕೆಲಸಕ್ಕೆ ಕರೆದುಕೊಂಡು ಹೋದ. ನಿಂತ ವಿಮಾನವನ್ನು ಒಂದು ಗಾಡಿ ಹಿಂದಕ್ಕೆ ನೂಕುತ್ತದಂತೆ. ಅದರ ಜೊತೆಗೆ ನಡೆದು ದಾರಿ ತೋರಿಸುವುದು ಇವನ ಕೆಲಸ. “ಕಬ್ಬಿನ ಲೋಡಿದ್ದಂಗೆ ಕಣತ್ಗೆ. ಈ ಲೋಡು ಮಾತಾಡ್ತದೆ, ಅಷ್ಟೇಯ” ಎಂದಿದ್ದ.

ಅಪಘಾತ ಹೇಗಾಯಿತೆಂದು ಅವನು ನನಗೆ ತೋರಿಸಿದ್ದು ಅಡುಗೆಮನೆಯ ನೆಲದ ಮೇಲೆ. ಲಟ್ಟಣಿಗೆ ವಿಮಾನ. ಬೆಂಕಿಪೊಟ್ಟಣ ನೂಕುವ ಗಾಡಿ. ಒಂದು ಲೋಟ, ಜನ ವಿಮಾನ ಹತ್ತುವ ಏಣಿಯ ಗಾಡಿ.

ವಿಮಾನ ನೂಕುವಾಗ ನಾಲ್ಕು ಜನ ಇರಬೇಕು. ಗಾಡಿ ಓಡಿಸಲು ಒಬ್ಬ, ಮೂತಿಯ ಹತ್ತಿರ ಒಬ್ಬ, ಎರಡು ರೆಕ್ಕೆಯ ತುದಿಗೆ ಇಬ್ಬರು. ಗುತ್ತಿಗೆದಾರ ಇಟ್ಟದ್ದು ಇಬ್ಬರನ್ನೇ, ಡ್ರೈವರ್ ಮತ್ತು ಇವನು. ಮಾತಾಡಿಕೊಳ್ಳಲು ಇದ್ದ ಎರಡು ವಾಕಿಟಾಕಿ ರಿಪೇರಿಗೆ ಹೋದವು ವಾಪಸು ಬರಲೇ ಇಲ್ಲ. ಬ್ಯಾಟರಿ ಸತ್ತ ಏಣಿಗಾಡಿಯೊಂದು ವಿಮಾನ ಹಿಂದಕ್ಕೆ ಬರುವ ಜಾಗದ ಅಂಚಿನಲ್ಲಿ ಎರಡು ದಿನದಿಂದ ನಿಂತಿತ್ತು. ಅದನ್ನು ತೆಗೆಸಿ ಎಂದು ಇವನು ಸೂಪರ್‌ವೈಸರ್‌ಗೆ ಮೂರು ಸಲ ಹೇಳಿದ್ದ. “ನೋಡ್ಕೊಂಡು ಅಡ್ಜಸ್ಟ್ ಮಾಡಪ್ಪ” ಎಂಬುದೇ ಮೂರು ಸಲಕ್ಕೂ ಉತ್ತರ.

ಆ ದಿನ ಡ್ರೈವರ್ ಹೊಸಬ, ಬೆಳಗಾವಿ ಕಡೆಯವನು. ವಿಮಾನದ ತುಂಬ ಜನ ಕೂತಿದ್ದರು. ರೆಕ್ಕೆಯ ಫ್ಯಾನುಗಳು ಇನ್ನೂ ತಿರುಗಿರಲಿಲ್ಲ. ಮೂತಿಯ ಹತ್ತಿರ ಇರಬೇಕಾದ ಇವನು ಏಣಿಗಾಡಿಯ ಭಯಕ್ಕೆ ರೆಕ್ಕೆಯ ತುದಿಗೆ ಹೋದ. ರೆಕ್ಕೆ ಅದರತ್ತಲೇ ಬರುತ್ತಿತ್ತು. ನಡುವೆ ವಿಮಾನದ ಹೊಟ್ಟೆ ಅಡ್ಡ, ಕೈ ಮಾಡಿದರೆ ಡ್ರೈವರ್‌ಗೆ ಕಾಣದು. ಇವನು ಕೂಗಿದ: “ಬುಡು! ಬುಡು ಬುಡು!”

ಆ ಮನುಷ್ಯನ ಊರಿನಲ್ಲಿ ಗಾಡಿ ಬಿಡು ಅಂದರೆ ಗಾಡಿ ಓಡಿಸು ಅಂತ. ಅವನು ಇನ್ನಷ್ಟು ಜೋರಾಗಿ ನೂಕಿದ.

ನಿಮ್ಮ ಚಿಕ್ಕತಾತ ಓಡಿಹೋಗಿ ಏಣಿಗಾಡಿಗೆ ಭುಜ ಕೊಟ್ಟು ತಳ್ಳಲು ನೋಡಿದ. ಅದು ಅಲುಗಲಿಲ್ಲ. ರೆಕ್ಕೆ ಏಣಿಗೆ ಬಡಿಯಿತು, ಏಣಿ ಇವನ ಮೇಲೆ ಬಿತ್ತು. ರೆಕ್ಕೆಯಿಂದ ಎಣ್ಣೆ ಸುರಿಯಿತು, ಕಿಡಿ ತಾಗಿದರೆ ಹತ್ತಿಕೊಳ್ಳುವಂಥದು. ಬಲಭುಜದ ಮೂಳೆ ಪುಡಿಯಾಗಿ ಬಿದ್ದಿದ್ದರೂ ಇವನು “ಮೊದ್ಲು ಜನ ಇಳ್ಸಿ” ಎಂದು ಕೂಗುತ್ತಲೇ ಇದ್ದನಂತೆ. ಇದನ್ನು ಹೇಳಿದವನು ಆ ಡ್ರೈವರ್. ಇವನನ್ನು ನೋಡಲು ಮನೆಗೆ ಬಂದು ಹೊಸ್ತಿಲಲ್ಲೇ ಕೂತು ಅತ್ತ. “ನೀವ ಬಿಡು ಅಂದ್ರಿ ಅಣ್ಣಾರ, ನಾ ಬಿಟ್ಟೆ” ಎಂದ. “ನಿಂದೂ ತಪ್ಪಲ್ಲ ಕಣ್ಲಾ, ಒಳೀಕ್ ಬಾ, ಉಣ್ಣು” ಎಂದು ಇವನೇ ಸಮಾಧಾನ ಮಾಡಿದ.

ಆಮೇಲೆ ಒಂದು ದಿನ ಮನೆಗೆ ಸೂಪರ್‌ವೈಸರ್ ಒಂದು ಕಾಗದ ತಂದ. “ಇದಕ್ಕೊಂದು ಸೈನ್ ಹಾಕು, ನಿನ್ನ ಕೆಲಸ ಎಲ್ಲೂ ಹೋಗಲ್ಲ” ಎಂದ. ನಾನು ಒಳಗಿನಿಂದ ಕಾಫಿ ತಂದವಳು, ನಿಮ್ಮ ಚಿಕ್ಕತಾತನ ಮಂಡಿಯ ಮೇಲಿದ್ದ ಆ ಕಾಗದ ಓದಿದೆ. ನನ್ನ ಏಳನೇ ಕ್ಲಾಸಿನ ಓದು ಅಷ್ಟಕ್ಕೆ ಸಾಕಿತ್ತು. ‘ನೌಕರನು ತನ್ನ ಜಾಗ ಬಿಟ್ಟು ಹೋಗಿ, ಅಸ್ಪಷ್ಟವಾದ ಗ್ರಾಮ್ಯ ಭಾಷೆಯಲ್ಲಿ ಸೂಚನೆ ಕೊಟ್ಟಿದ್ದರಿಂದ’ ಎಂದು ಬರೆದಿತ್ತು. ಕೆಲಸಕ್ಕೆ ಇಬ್ಬರೇ ಇದ್ದರೆಂಬ ಮಾತು ಅದರಲ್ಲಿ ಇಲ್ಲ. ವಾಕಿಟಾಕಿ ಇಲ್ಲ. ಸತ್ತ ಏಣಿಗಾಡಿ ಇಲ್ಲ. ಮೂರು ಸಲ ಹೇಳಿದ್ದಂತೂ ಇಲ್ಲವೇ ಇಲ್ಲ.

ನೋವಿನ ಮಾತ್ರೆಯ ಮಂಪರಿನಲ್ಲಿದ್ದ ನಿಮ್ಮ ಚಿಕ್ಕತಾತ ನನ್ನ ಮುಖ ನೋಡಿದ. “ಏನ್ ಬರ್ದವ್ರೆ ಅತ್ಗೆ?” ಎಂದು ಕೇಳಿದ. ಪರರ ಎದುರಿಗೆ ನನಗೆ ಬಾಯಿ ಬರಲಿಲ್ಲ. ಸೆರಗು ಬಾಯಿಗೆ ಹಿಡಿದುಕೊಂಡು ಒಳಗೆ ಹೋದೆ. ನಾನು ಸುಮ್ಮನೆ ಹೋದದ್ದರಿಂದ ಅದರಲ್ಲಿ ತಪ್ಪೇನಿಲ್ಲ ಎಂದುಕೊಂಡ. ಎಡಗೈಯ ಹೆಬ್ಬೆಟ್ಟು ಒತ್ತಿದ. ಮುಂದಿನ ತಿಂಗಳೇ ಕೆಲಸದಿಂದ ತೆಗೆದರು.

ಆ ಕಾಗದದಲ್ಲಿ ಏನಿತ್ತೆಂದು ನಾನು ಹೇಳಿದ ಮೇಲೂ ಅವನು ನನಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಮೇಲೆ ಬೆಳಗೊಳದ ಹತ್ತಿರ ಒಂದು ಮದುವೆ ಛತ್ರದಲ್ಲಿ ಕಾರು ನಿಲ್ಲಿಸಲು ಜಾಗ ತೋರಿಸುವ ಕೆಲಸ ಹಿಡಿದ. ಅಲ್ಲಿ ಬಾಯಲ್ಲಿ ಹೇಳುತ್ತಿರಲಿಲ್ಲ, ಒಂದು ಪೀಪಿ ಕೊಂಡಿದ್ದ, ಅದನ್ನೇ ಊದುತ್ತಿದ್ದ. ಮನೆಯಲ್ಲಿ ಎಲೆಗೆ ಇನ್ನೊಂದು ಮುದ್ದೆ ಹಾಕಲು ಹೋದರೆ ಮೊದಲು “ಬುಡಿ ಅತ್ಗೆ” ಎನ್ನುತ್ತಿದ್ದವನು ಈಗ ಕೈ ಅಡ್ಡ ಹಿಡಿಯುತ್ತಿದ್ದ. ಹುಟ್ಟಿದಾಗಿನಿಂದ ಆಡಿದ ಮಾತಿಗೇ ಒಬ್ಬ ಮನುಷ್ಯ ಹೆದರುವಂತೆ ಮಾಡಿದರಲ್ಲ, ಅವರ ಮನೆ ಹಾಳಾಗ.

ಎರಡು ವರ್ಷದಲ್ಲಿ ಹೋದ. ಎದೆನೋವು ಎಂದ, ಆಸ್ಪತ್ರೆ ತಲುಪಲಿಲ್ಲ. ಹನ್ನೊಂದರ ತಿಥಿಗೆ ಆ ಸೂಪರ್‌ವೈಸರ್ ಹಾರ ಹಿಡಿದು ಬಂದ. ಶಾಮಿಯಾನದಡಿ ಕೂತಿದ್ದವರಿಗೆಲ್ಲ ಕೇಳುವಂತೆ, “ಪಾಪ, ಒಳ್ಳೇ ಮನುಷ್ಯ. ಒಂದು ಮಾತಲ್ಲಿ ತಪ್ಪು ಮಾಡಿಬಿಟ್ಟ” ಎಂದ.

ನಾನು ಎದ್ದು ನಿಂತೆ.

“ತಪ್ಪು ಮಾಡ್ಲಿಲ್ಲ ಕಣಪ್ಪ. ಅವ್ನು ಬುಡು ಅಂದಿದ್ದು ನಿಲ್ಸು ಅಂತ. ಏಣಿಗಾಡಿ ತೆಗ್ಸಿ ಅಂತ ಮೂರ್ ಸರ್ತಿ ನಿಂಗೆ ಏಳಿದ್ನಲ್ಲ, ಅದೂ ಇದೇ ಭಾಷೇಲೇ ಏಳಿದ್ದ. ಆವಾಗ ನಿಂಗೆ ಚೆನ್ನಾಗಿ ಅರ್ಥ ಆಗಿತ್ತಲ್ವಾ?”

ಅವನು ಅತ್ತಿತ್ತ ನೋಡಿ, “ಹೋದೋರ ವಿಷಯ, ಬಿಡಿ ಅಮ್ಮ” ಎಂದ.

“ಬುಡಾಕಿಲ್ಲ” ಎಂದೆ. ಅವನು ಊಟ ಮಾಡದೆ ಹೋದ.

ಅಷ್ಟರಿಂದ ಏನೂ ಬದಲಾಗಲಿಲ್ಲ. ನಾನು ಮಾತಾಡಬೇಕಾಗಿದ್ದ ದಿನ ಬೇರೆ ಇತ್ತು, ಅದು ಕಳೆದುಹೋಯಿತು. ಅವರ ವರದಿ ಯಾವುದೋ ಕಚೇರಿಯ ಬೀರುವಿನಲ್ಲಿ ಭದ್ರವಾಗಿದೆ, ಅದರ ಕೆಳಗೆ ನಿಮ್ಮ ಚಿಕ್ಕತಾತನ ಹೆಬ್ಬೆಟ್ಟು ಇದೆ. ಇದರ ಕೆಳಗೆ ನನ್ನ ಸಹಿ ಹಾಕಿದ್ದೇನೆ. ಅವರ ಕಾಗದ ಇರುವವರೆಗೂ ಇದೂ ಇರಬೇಕು ಮಕ್ಕಳೇ. ಇಬ್ಬರೂ ಒಂದೊಂದು ನಕಲು ಮಾಡಿಕೊಳ್ಳಿ. ಇದನ್ನು ಮಾತ್ರ ಗೆದ್ದಲು ಹತ್ತದ ಕಡೆ ಜೋಪಾನವಾಗಿಡಿ.