ಹಳದಿ ನೀರು ತಿಳಿಯಾದ ಬಗೆ

ಎಂಬತ್ತರ ದಶಕದ ಆರಂಭದಲ್ಲಿ, ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ, ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದ ಒಂದು ಪ್ಲೇಟಿಂಗ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದೆ. ಹಿತ್ತಾಳೆ ನಲ್ಲಿಗಳಿಗೆ, ಬಾಗಿಲ ಹಿಡಿಗಳಿಗೆ ಹೊಳಪು ಕೂರಿಸುವ ಕೆಲಸ. ವಿಜಯನಗರದ ನಮ್ಮ ವಠಾರದಿಂದ ಬೆಳಗ್ಗೆ ಬಸ್ಸು ಹತ್ತಿ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ. ನಲ್ಲಿಗಳನ್ನು ತಾಮ್ರದ ತಂತಿಗೆ ಕಟ್ಟಿ, ಒಂದೊಂದೇ ತೊಟ್ಟಿಯಲ್ಲಿ ಅದ್ದುತ್ತಾ ಹೋಗುವುದು ನಮ್ಮ ಹೆಂಗಸರ ಪಾಲಿನ ಕೆಲಸವಾಗಿತ್ತು.

ಕೊನೆಯದು ಕ್ರೋಮಿಯಂ ತೊಟ್ಟಿ. ಅದರ ದ್ರಾವಣ ಕಾಫಿ ಡಿಕಾಕ್ಷನ್ನಿಗಿಂತ ಗಾಢವಾದ ಕೆಂಪುಗಂದು ಬಣ್ಣದ್ದು. ಅದರೊಳಗೆ ಹೋದ ನಲ್ಲಿ ಕಣ್ಣಿಗೆ ಕಾಣುತ್ತಿರಲಿಲ್ಲ. ಮೇಲೆತ್ತಿ ನೀರಲ್ಲಿ ಜಾಲಿಸಿದರೆ ತೆಳು ನೀಲಿ ಛಾಯೆಯ ಬೆಳಕು ಹೊತ್ತುಕೊಂಡು ಹೊರಗೆ ಬರುತ್ತಿತ್ತು. ಆ ವಕ್ರ ಮೈಯಲ್ಲಿ ನನ್ನ ಮುಖ, ಹಿಂದಿನ ಕಿಟಕಿ, ಕಿಟಕಿಯಾಚೆಯ ಆಕಾಶ ಎಲ್ಲ ಇರುತ್ತಿದ್ದವು. ದಿನವೂ ನೋಡಿದರೂ ನನಗೆ ಅದು ಹಳತಾಗಲಿಲ್ಲ. ಹಾಗೆ ಜಾಲಿಸಿದ ನೀರು ಅರಿಶಿನದ ಬಣ್ಣಕ್ಕೆ ತಿರುಗಿ, ನೆಲದ ಚರಂಡಿ ಹಿಡಿದು, ಹಿತ್ತಲ ಗೋಡೆಯ ಕಿಂಡಿಯಿಂದ ಆಚೆಯ ಕಾಲುವೆಗೆ ಬೀಳುತ್ತಿತ್ತು. ನಮ್ಮ ಸಾಲಿನ ಎಲ್ಲ ಶೆಡ್ಡುಗಳದೂ ಅದೇ ದಾರಿ.

ಆಯುಧಪೂಜೆಗೆ ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಮಾಲೀಕರು ಪ್ರತಿವರ್ಷ ಹೇಳುತ್ತಿದ್ದರು. ಒಂದು ವರ್ಷ ನನ್ನ ಸೋದರತ್ತೆ ಹಬ್ಬಕ್ಕೆಂದು ನಮ್ಮ ಮನೆಗೆ ಬಂದಿದ್ದಳು. ಅವಳದು ಕೆಂಗೇರಿಯ ಆಚೆಯ ಊರು. ಹೊಳೆ ಪಕ್ಕದ ತುಂಡು ನೆಲದಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಬೆಳೆದು ಸಂತೆಗೆ ಹಾಕುತ್ತಿದ್ದಳು. ಅವಳನ್ನೂ ಕರೆದುಕೊಂಡು ಹೋದೆ.

ಅಂದು ಮಧ್ಯಾಹ್ನದವರೆಗೆ ಕೆಲಸ, ಆಮೇಲೆ ಪೂಜೆ. ಮಾಲೀಕರಿಗೆ ತಮ್ಮ ಶೆಡ್ಡನ್ನು ತೋರಿಸುವುದೆಂದರೆ ಹಿಗ್ಗು. "ಬನ್ನಿ ಅಮ್ಮಾ, ಹತ್ತಿರ ಬನ್ನಿ. ಮುಟ್ಬೇಡಿ, ಅಷ್ಟೇ" ಎಂದು ಅತ್ತೆಯನ್ನು ತೊಟ್ಟಿಯ ಬಳಿ ನಿಲ್ಲಿಸಿ, ತಾವೇ ಒಂದು ನಲ್ಲಿಯನ್ನು ಅದ್ದಿ ಎತ್ತಿ ತೋರಿಸಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅಯ್ಯೋ ಶಿವನೇ! ಇದನ್ನ ನೀನು ಮಾಡ್ತೀಯೇನೇ?" ಎಂದು ನನ್ನ ಕಡೆ ತಿರುಗಿದಳು. ನನಗೆ ಎದೆ ಉಬ್ಬಿತು.

ಪೂಜೆಗೆಂದು ಹುಡುಗರು ನೆಲ ತೊಳೆಯುತ್ತಿದ್ದರು. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ ಅತ್ತೆ ಗೋಡೆಯ ಕಿಂಡಿಯ ಹತ್ತಿರ ನಿಂತುಬಿಟ್ಟಳು. ಹಳದಿ ನೀರು ಧೋ ಎಂದು ಕಾಲುವೆಗೆ ಇಳಿಯುತ್ತಿತ್ತು.

"ಇದು ಎಲ್ಲಿಗೆ ಹೋಗ್ತದೆ ಸ್ವಾಮೀ?"

"ಮೋರಿಗಮ್ಮ. ಮುಂದೆ ವೃಷಭಾವತಿ ಹೊಳೆ ಸೇರ್ಕೊಳತ್ತೆ" ಎಂದರು ಮಾಲೀಕರು, ಎಂದಿನ ಹಿಗ್ಗಿನಲ್ಲೇ.

"ಅಂಗಾರೆ ನಮ್ಮೂರಿಗೇ ಬತ್ತದೆ ಅನ್ನಿ" ಎಂದಳು ಅತ್ತೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದೂರದ ನೆಂಟರು ಯಾರೋ ಸಿಕ್ಕಿದಾಗ ಆಗುವಂಥ ಬೆರಗಿತ್ತು. "ಏನಪ್ಪಾ ಇದು ಬಣ್ಣ ಅಂತ ನಾವು ಅಲ್ಲಿ ನೋಡ್ತಾನೇ ಇರ್ತೀವಿ. ಎಮ್ಮೆ ಬಾಯಿ ಹಾಕಲ್ಲ. ಸೊಪ್ಪಿನ ಅಂಚು ಸುಟ್ಟಂಗಾಗ್ತದೆ."

ಮಾಲೀಕರು ಕಿಂಡಿಯ ಕಡೆ ಬಗ್ಗಿ ನೋಡಿದರು. ಅವರ ಹೆಂಡತಿ ಅಲ್ಲೇ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದರು. ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ಅವರನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಕಾಲುವೆಯನ್ನೂ ಅತ್ತೆಯ ಮುಖವನ್ನೂ ನೋಡಿದರು. ಪೂಜೆಯ ಉದ್ದಕ್ಕೂ ಅವರ ಮನಸ್ಸು ಅಲ್ಲಿರಲಿಲ್ಲ ಎಂದು ನನಗನ್ನಿಸಿತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಮೇಡಂ ದೊಡ್ಡ ಗಾಜಿನ ಜಾಡಿ ತಂದರು. ನಮ್ಮನ್ನೆಲ್ಲ ಸುತ್ತ ನಿಲ್ಲಿಸಿ, ಜಾಲಿಸಿದ ನೀರನ್ನು ಅದಕ್ಕೆ ತುಂಬಿಸಿದರು. ಬಿಸಿಲಿಗೆ ಅದು ಜೇನಿನಂತೆ ಹೊಳೆಯಿತು. ಒಂದೆರಡು ತೊಟ್ಟು ಆ್ಯಸಿಡ್ ಬಿಟ್ಟು, ಯಾವುದೋ ಬಿಳಿ ಪುಡಿ ಕದಡಿದ ನೀರು ಹಾಕಿದರು. ಬೆಂಕಿಕಡ್ಡಿ ಗೀರಿದಂಥ ವಾಸನೆ ಬಂತು. ನಾವು ನೋಡುತ್ತಿದ್ದಂತೆ ಹಳದಿ ಮಾಸಿ, ಜಾಡಿಯ ತುಂಬ ಹಸಿರು ಹರಡಿತು.

"ವಿಷ ಇನ್ನೂ ಪೂರ್ತಿ ಹೋಗಿಲ್ಲ, ಆದ್ರೆ ಮೆತ್ತಗಾಗಿದೆ. ಈಗ ನೋಡಿ" ಎಂದು ಸುಣ್ಣದ ನೀರನ್ನು ಮೆಲ್ಲನೆ ಸುರಿದರು.

ಹಾಲು ಒಡೆದಂತಾಯಿತು. ತಿಳಿಹಸಿರಾಗಿದ್ದ ನೀರಿನಲ್ಲಿ ಹಿಂಜಿದ ಅರಳೆಯಂಥ ತುಣುಕುಗಳು ಎದ್ದವು, ಒಂದಕ್ಕೊಂದು ಅಂಟಿಕೊಂಡವು, ಭಾರವಾಗಿ ತಳಕ್ಕೆ ಇಳಿಯತೊಡಗಿದವು. ಯಾರೂ ಮಾತಾಡಲಿಲ್ಲ. ಕಾಫಿ ಕುಡಿದು ಬರುವಷ್ಟರಲ್ಲಿ ಜಾಡಿಯ ತಳದಲ್ಲಿ ಹಸಿರು ಗಸಿ, ಮೇಲೆ ಬರಿಯ ನೀರು. ಅದರ ಮೂಲಕ ಆಚೆ ನಿಂತಿದ್ದ ಮಾಲೀಕರ ಅಂಗಿಯ ಗುಂಡಿಗಳು ಕಾಣುತ್ತಿದ್ದವು. ಹಿತ್ತಾಳೆಗೆ ಹೊಳಪು ಬರುವುದನ್ನು ನೋಡಿದ್ದೆ. ನೀರಿನಿಂದ ಬಣ್ಣ ಕೆಳಗಿಳಿದು ಕೂರುವುದನ್ನು ನೋಡಿದ್ದು ಅಂದೇ.

"ಇಷ್ಟೇನಾ?" ಎಂದರು ಮಾಲೀಕರು.

"ಜಾಡೀಲಿ ಇಷ್ಟೇ. ಇಲ್ಲಿ ದಿನಾ ಮಾಡ್ಬೇಕು. ಅದಕ್ಕೆ ತೊಟ್ಟಿ ಕಟ್ಟಬೇಕು. ಜಾಗ ಬೇಕು."

ಇದ್ದ ಜಾಗ ಹಿತ್ತಲೊಂದೇ. ಅಲ್ಲಿ ಇನ್ನೊಂದು ಕ್ರೋಮಿಯಂ ತೊಟ್ಟಿ ಹಾಕಿ ಕೆಲಸ ದೊಡ್ಡದು ಮಾಡಬೇಕೆಂಬುದು ಮಾಲೀಕರ ಬಹುದಿನದ ಆಸೆ. ಆ ವಾರವೆಲ್ಲ ಅವರು ಹಿತ್ತಲಲ್ಲಿ ಆ ಕೊನೆಯಿಂದ ಈ ಕೊನೆಗೆ ಓಡಾಡುವುದು ಕಾಣುತ್ತಿತ್ತು. ಗಂಡ ಹೆಂಡತಿಯ ನಡುವೆ ಮಾತು ಜೋರಾದದ್ದೂ ಒಮ್ಮೆ ಕೇಳಿಸಿತು. "ಪಕ್ಕದವರು ಯಾರೂ ಮಾಡ್ತಿಲ್ಲವಲ್ಲೇ" ಎಂದು ಮಾಲೀಕರು, "ಆ ಹೆಂಗಸು ಕೇಳಿದ್ದು ಪಕ್ಕದವರನ್ನಲ್ಲ" ಎಂದು ಮೇಡಂ. ಸೋಮವಾರ ಗಾರೆಯವರು ಬಂದರು.

ಇಟ್ಟಿಗೆಯ ತೊಟ್ಟಿಗಳು ಎದ್ದವು. ಶೆಡ್ಡಿನೊಳಗೂ ಒಂದು ಬದಲಾವಣೆಯಾಯಿತು. ಕ್ರೋಮಿಯಂನಿಂದ ಎತ್ತಿದ ನಲ್ಲಿಯನ್ನು ಮೊದಲು ನಿಂತ ನೀರಿನ ತೊಟ್ಟಿಯಲ್ಲಿ ಅದ್ದಿ, ಆ ನೀರನ್ನೇ ಮತ್ತೆ ಕ್ರೋಮಿಯಂಗೆ ತುಂಬಿಕೊಳ್ಳುವುದು. ಹೀಗೆ ಚರಂಡಿ ಪಾಲಾಗುತ್ತಿದ್ದದ್ದು ಬಹುಪಾಲು ಒಳಗೇ ಉಳಿಯತೊಡಗಿತು. "ಇಷ್ಟು ವರ್ಷ ನಮ್ಮ ಮಾಲನ್ನೇ ನಾವು ಮೋರಿಗೆ ಚೆಲ್ತಿದ್ವಲ್ಲ ಮಾರಾಯ್ರೆ!" ಎಂದು ಮಾಲೀಕರು ತಲೆ ಕೊಡವಿದರು. ಹಿತ್ತಲ ತೊಟ್ಟಿ ನೋಡಿಕೊಳ್ಳುವ ಕೆಲಸವನ್ನು ಮೇಡಂ ನನಗೇ ಕಲಿಸಿದರು. ಮೊದಲ ದಿನ ಕಿಂಡಿಯಿಂದ ತಿಳಿನೀರು ಇಳಿದಾಗ, ಪಕ್ಕದ ಶೆಡ್ಡಿನ ಹುಡುಗರು ಗೋಡೆಯ ಮೇಲಿಂದ ಬಗ್ಗಿ ನೋಡಿ, "ಏನಕ್ಕಾ, ಇವತ್ತು ರಜಾನಾ ನಿಮ್ಗೆ?" ಎಂದು ಕೇಳಿದರು.

ಸಂಕ್ರಾಂತಿಗೆ ಎಳ್ಳು ಬೀರಲು ಅತ್ತೆಯ ಊರಿಗೆ ಹೋದಾಗ ಮನಸ್ಸಿನೊಳಗೆ ಏನೇನೋ ಆಸೆಯಿತ್ತು. ಹೊಳೆ ಮಾತ್ರ ಹಾಗೇ ಇತ್ತು. ಕಪ್ಪು ನೀರು, ಕಲ್ಲುಗಳ ಬಳಿ ನೊರೆ. ಇಡೀ ನಗರದ ಕೊಳೆ ಅದರಲ್ಲಿತ್ತು. ನಾನು ಸಪ್ಪೆಯಾದದ್ದನ್ನು ಅತ್ತೆ ಕಂಡಳು. ತೊಟ್ಟಿಯ ಕತೆಯನ್ನು ಪೂರ್ತಿ ಹೇಳಿಸಿಕೊಂಡಳು, ಗಸಿ ಇಳಿಯುವ ಭಾಗವನ್ನು ಮತ್ತೊಮ್ಮೆ ಕೇಳಿದಳು.

"ಸುಣ್ಣಕ್ಕೇ ಇಳೀತೇನೇ? ನಾವು ಎಲೆಗೆ ಹಚ್ಕೊಳೋ ಸುಣ್ಣ?"

"ಹೂಂ ಅತ್ತೆ, ಅದೇ ಸುಣ್ಣ."

"ಎಂಥಾ ತಲೆ ಆ ಯಮ್ಮಂದು!" ಎಂದಳು, ಹೊಳೆಯ ಕಡೆ ನೋಡುತ್ತಾ. ಅಷ್ಟರಲ್ಲಾಗಲೇ ಅವಳು ಸೊಪ್ಪು ಹಾಕುವುದನ್ನು ಬಿಟ್ಟು, ಬಾವಿ ನೀರಿಗೆ ಸಿಗುವಷ್ಟು ನೆಲದಲ್ಲಿ ಕನಕಾಂಬರ ನೆಟ್ಟಿದ್ದಳು.

ಮುಂದಿನ ವರ್ಷಗಳಲ್ಲಿ ನಮ್ಮ ಸಾಲಿನ ಕೆಲವರು ತೊಟ್ಟಿ ಕಟ್ಟಿದರು, ಹೆಚ್ಚಿನವರು ಕಟ್ಟಲಿಲ್ಲ. ತಳದ ಗಸಿಯನ್ನು ಒಣಗಿಸಿ ಡ್ರಮ್ಮುಗಳಿಗೆ ತುಂಬುತ್ತಿದ್ದೆವು. ಅದನ್ನು ಎಲ್ಲಿ ಹಾಕಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮಳೆ ತಾಗದಂತೆ ಶೀಟು ಹೊದಿಸಿ ಗೋಡೆಗೆ ಒತ್ತಿಟ್ಟಿದ್ದೆವು. ಒಂದು ದಿನ ಮಾಲೀಕರು ಆ ಸಾಲನ್ನು ನೋಡುತ್ತಾ, "ನೀರಿಂದ ತೆಗೆದ್ವಿ. ಭೂಮಿಯಿಂದ ಹ್ಯಾಗೆ ತೆಗೀತೀವೋ" ಎಂದರು. ಓದುತ್ತಿದ್ದೇನೆ, ಕೇಳುತ್ತಿದ್ದೇನೆ ಎಂದಷ್ಟೇ ಮೇಡಂ ಹೇಳಿದರು. ನಾನು ಮದುವೆಯಾಗಿ ಬಸವೇಶ್ವರನಗರಕ್ಕೆ ಹೋದ ಮೇಲೂ ಆ ಕೆಲಸ ಬಿಡಲಿಲ್ಲ. ಹೊಸದಾಗಿ ಸೇರಿದ ಹೆಂಗಸರಿಗೆ ಸುಣ್ಣ ಸುರಿಯುವುದನ್ನು ಕಲಿಸುವಾಗ, ಅವರ ಮಾತು ನಿಂತುಹೋಗುವ ಆ ಗಳಿಗೆಗೆ ನಾನೂ ಸುಮ್ಮನೆ ನಿಂತು ಕಾಯುತ್ತಿದ್ದೆ.